ಹಗೇವಿಗೆ ನೀರು ತುಂಬಿದ ವರ್ಷ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಹಗೇವಿನ ಬಾಯಿಗೆ ಮುಚ್ಚಿದ್ದ ಕಲ್ಲು ನನ್ನ ನೆನಪಿನಲ್ಲಿ ದುಂಡಗಿದೆ, ಅಕ್ಕನ ನೆನಪಿನಲ್ಲಿ ಅದು ಚೌಕ. ಇಬ್ಬರೂ ಅದರ ಮೇಲೆ ಕೂತು ಆಡಿ ಬೆಳೆದವರು. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ, ಆದರೂ ಒಬ್ಬರದು ತಪ್ಪು. ಹೋಗಿ ನೋಡೋಣವೆಂದರೆ ಈಗ ಆ ಕಲ್ಲೂ ಇಲ್ಲ, ಹಗೇವೂ ಇಲ್ಲ. ಆ ಕಾಲದಲ್ಲಿ ನಾನು ದಿನಚರಿ ಬರೆಯುತ್ತಿದ್ದೆ. ತೆಗೆದು ನೋಡಿದರೆ ಆ ತಿಂಗಳುಗಳಲ್ಲಿ ಇರುವುದೆಲ್ಲ ಪರೀಕ್ಷೆ, ತಲೆನೋವು, ತಪ್ಪಿಹೋದ ಬಸ್ಸು. ಮನೆಯಲ್ಲಿ ನಡೆಯುತ್ತಿದ್ದುದು ಬರೆದಿಡುವಂಥದ್ದೆಂದು ಆಗ ಅನ್ನಿಸಿರಲಿಲ್ಲ. ಹೀಗಾಗಿ ಇದು ನೆನಪಿನಿಂದ ಬರೆದದ್ದು, ನೆನಪನ್ನು ನಾನು ಅಷ್ಟಾಗಿ ನಂಬುವವಳೂ ಅಲ್ಲ.

ನಮ್ಮ ಊರು ಆಳಂದದಿಂದ ಅಫಜಲಪುರಕ್ಕೆ ಹೋಗುವ ದಾರಿಯಲ್ಲಿ, ಬಸ್ಸಿನ ಕಂಡಕ್ಟರ್ ಇಳಿದು ಚಹಾ ಕುಡಿದು ಬರುವಷ್ಟು ದೊಡ್ಡದು. ಹಳೆಯ ಮನೆಗಳಲ್ಲಿ ಜೋಳ ಕೂಡಿಡಲು ನೆಲದೊಳಗೆ ಹಗೇವು ಇರುತ್ತಿತ್ತು. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಒಳಗೆ ಗಡಿಗೆಯ ಹಾಗೆ ಅಗಲವಾದ ಹೊಟ್ಟೆ. ನಮ್ಮದು ಅಂಗಳದಲ್ಲಿತ್ತು. ಅದರ ಹತ್ತಿರ ನೀರು ಸುಳಿಯಬಾರದು ಎಂಬುದು ಮನೆಯ ಕಟ್ಟುಪಾಡು. ಮೈ ತೊಳೆದುಕೊಂಡು ಬಂದವರು ಒದ್ದೆಕಾಲಿನಲ್ಲಿ ಆ ಕಲ್ಲನ್ನು ತುಳಿದರೆ ಅಜ್ಜಿ ಕೂಗಾಡುತ್ತಿದ್ದಳಂತೆ. ಮಳೆಗಾಲಕ್ಕೆ ಮೊದಲು ಕಲ್ಲಿನ ಸುತ್ತ ಬೂದಿ, ಸಗಣಿ, ಕೆಮ್ಮಣ್ಣು ಕಲಸಿ ಮೆತ್ತುತ್ತಿದ್ದರು. ಅಪ್ಪನ ಕಾಲಕ್ಕೆ ಜೋಳ ಚೀಲಗಳಲ್ಲಿ ಕೂಡತೊಡಗಿ ಹಗೇವು ಖಾಲಿ ಬಿತ್ತು. ಆದರೂ ಅವ್ವ ಒದ್ದೆಕಾಲಿದ್ದರೆ ಅದನ್ನು ಸುತ್ತಿಕೊಂಡೇ ಹೋಗುತ್ತಿದ್ದಳು.

ನಮ್ಮ ಮನೆ ಮತ್ತು ಪಕ್ಕದ ಮನೆ ಒಂದು ಕಾಲಕ್ಕೆ ಒಂದೇ ವಾಡೆ. ಅಜ್ಜನಿಗಿಂತ ಹಿಂದಿನ ದಾಯಾದಿಯೊಬ್ಬರು ತಮ್ಮ ಪಾಲನ್ನು ಮಾರಿ ಸೊಲ್ಲಾಪುರಕ್ಕೆ ಹೋದಾಗ ನಡುವೆ ಗೋಡೆ ಎದ್ದಿತು. ಕೊಂಡವರು ಮುಸ್ಲಿಮರು. ಆ ಮನೆಯ ಸೊಸೆಯಾಗಿ ಬಂದವಳನ್ನು ನಾನು ಖಾಲಾ ಎಂದೇ ಕರೆಯುತ್ತಿದ್ದೆ, ಅವ್ವ ಬೀಬಿ ಎನ್ನುತ್ತಿದ್ದಳು. ಗಂಡ ಲಾರಿಯ ಮೇಲೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಖಾಲಾ ಜೋಳದ ರೊಟ್ಟಿ ಮಾಡಿ ಮಾರಿ ಮನೆ ನಡೆಸುತ್ತಿದ್ದಳು. ಊರಿಗೆ ವರ್ಗವಾಗಿ ಬಂದ ಮಾಸ್ತರರು, ಬ್ಯಾಂಕಿನ ಗುಮಾಸ್ತರು, ಕಾಂಪೌಂಡರ್, ಎಲ್ಲರ ಹೊಟ್ಟೆ ಅವಳ ಒಲೆಯ ಮೇಲೆ. ಆ ಒಲೆ ಅವಳ ಅತ್ತೆಯ ಕಾಲದಿಂದಲೂ ನಮ್ಮ ಗೋಡೆಗೆ ಆತುಕೊಂಡೇ ಇತ್ತು. ಚಳಿಗಾಲದಲ್ಲಿ ಗೋಡೆ ಈಚೆ ಬದಿಗೂ ಬೆಚ್ಚಗಿರುತ್ತಿತ್ತು.

ಅಪ್ಪ ತೀರಿದ ಮೇಲೆ ನಮ್ಮ ಮನೆಯಲ್ಲಿ ಉಳಿದವರು ಅವ್ವ ಮತ್ತು ಅಪ್ಪನ ತಮ್ಮ, ನಮ್ಮ ಕಾಕಾ. ಕಾಕಾ ಮದುವೆ ಮಾಡಿಕೊಂಡಿರಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಬಟ್ಟೆಯಂಗಡಿ ನಡೆಸುತ್ತಿದ್ದರು. ಅಕ್ಕ ಮದುವೆಯಾಗಿ ಜೇವರ್ಗಿಗೆ ಹೋಗಿದ್ದಳು. ನಾನು ಗುಲಬರ್ಗಾದಲ್ಲಿ ಎಂ.ಎ. ಓದುತ್ತ ಶನಿವಾರ ಬಂದು ಸೋಮವಾರ ಹೊರಡುತ್ತಿದ್ದೆ. ಬಾವಿ ಊರಾಚೆ. ಕಾಕಾ ಅಂಗಡಿಗೆ ಹೋಗುವ ಮೊದಲು ಸೈಕಲ್ಲಿಗೆ ಡಬ್ಬಿ ಕಟ್ಟಿಕೊಂಡು ಕುಡಿಯುವ ನೀರು ತಂದುಕೊಡುತ್ತಿದ್ದರು. ಮಿಕ್ಕಿದ್ದೆಲ್ಲ ಅವ್ವನ ತಲೆ, ಅವ್ವನ ಸೊಂಟ. ಆ ಸೊಂಟ ಕೆಟ್ಟಿತು. ಎದ್ದರೆ ಕೂಡಲಾಗದು, ಕೂತರೆ ಏಳಲಾಗದು. ಆಳಂದದ ಡಾಕ್ಟರು ಭಾರ ಎತ್ತಬಾರದು, ಎತ್ತಿದರೆ ಹಾಸಿಗೆ ಹಿಡಿಯುತ್ತೀರಿ ಎಂದರು.

"ಹಂಗಾದ್ರ ನಾಳಿಂದ ನಿಮ್ಮ ಕಾಂಪೌಂಡರ್‌ಗ ಕಳಸ್ರಿ, ಎರಡು ಕೊಡಾ ತಂದಿಟ್ಟು ಹೋಗ್ಲಿ" ಎಂದಳು ಅವ್ವ. ಡಾಕ್ಟರು ನಕ್ಕರು. ಅವಳು ನಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿದ್ದರೂ ಮುಂದಿನ ಸೀಟಿನ ಕಂಬಿ ಹಿಡಿದು ನಿಂತೇ ಬಂದಳು, ಕೂತು ಏಳುವುದಕ್ಕಿಂತ ಅದೇ ಸಲೀಸೆಂದು.

ಮಂಡಲ ಪಂಚಾಯತಿ ಬಂದ ಹೊಸದರಲ್ಲಿ ಊರಿಗೆ ನಳ ಬಂತು. ಸರಿಯಾದ ವರ್ಷ ಹೇಳಲಾರೆ. ಮನೆಯೊಳಗೆ ನಳ ಹಾಕಿಸಿಕೊಂಡವರಲ್ಲಿ ನಾವೂ ಇದ್ದೆವು. ಆದರೆ ನಮ್ಮ ಓಣಿ ಎತ್ತರದಲ್ಲಿತ್ತು, ನೀರು ದಾರದಂತೆ ಬರುತ್ತಿತ್ತು. ಕೆಳಗಿನ ಓಣಿಯವರು ನಳಕ್ಕೆ ನೇರ ಮೋಟರು ಕೂಡಿಸಿ ಎಳೆಯತೊಡಗಿದ ಮೇಲೆ ಆ ದಾರವೂ ಕಡಿಯಿತು. ನಳದೊಳಗಿಂದ ಬರೀ ಗಾಳಿ ಬುಸುಗುಟ್ಟುತ್ತಿತ್ತು. ಜಗಳಗಳಾದವು. ಕೊನೆಗೆ ಪಂಚಾಯತಿಯವರು ಡಂಗುರ ಹೊಡೆಸಿದರು. ನಳಕ್ಕೆ ನೇರ ಮೋಟರು ಹಚ್ಚಿದರೆ ಮೋಟರು ಜಪ್ತಿ. ಮೋಟರು ಬೇಕಾದವರು ನೆಲದೊಳಗೆ ಸಂಪು ಕಟ್ಟಿಸಬೇಕು, ನಳದ ನೀರು ತಾನಾಗಿ ಅದರಲ್ಲಿ ಬೀಳಬೇಕು, ಅಲ್ಲಿಂದ ಮೋಟರಿನಲ್ಲಿ ಎತ್ತಿಕೊಳ್ಳಬಹುದು. ಸಂಪು ಸ್ವಂತ ಜಾಗದೊಳಗೇ ಇರಬೇಕು, ಪಾಲುಗೋಡೆಯಿಂದ ಇಷ್ಟು ದೂರ, ಸಂಡಾಸದ ಗುಂಡಿಯಿಂದ ಅದಕ್ಕೂ ಹೆಚ್ಚು ದೂರ. ಗೋಡೆ ಹಂಚಿಕೊಂಡ ನೆರೆಯವರ ಒಪ್ಪಿಗೆ ಬೇಕು. ತಾಲೂಕಿನಿಂದ ಓವರ್‌ಸಿಯರ್ ಬಂದು ಅಳೆದು ಹ್ಞೂಂ ಅನ್ನಬೇಕು. ಕಾನೂನು ನ್ಯಾಯವಾಗಿಯೇ ಇತ್ತು. ಈಗ ಯೋಚಿಸಿದರೂ ಅದರಲ್ಲಿ ತಪ್ಪು ಕಾಣುವುದಿಲ್ಲ.

ಅಂಗಳದಲ್ಲಿ ಕಾಕಾ ಎಲ್ಲಿ ಹಾರೆ ಹಾಕಿಸಿದರೂ ಮೊಳದ ಕೆಳಗೆ ಬಂಡೆ. ಒಂದು ಮೂಲೆಯಲ್ಲಿ ಸಂಡಾಸದ ಗುಂಡಿ, ಇನ್ನೊಂದು ಬದಿಗೆ ಖಾಲಾನ ಗೋಡೆ. ನಿಯಮದ ಪ್ರಕಾರ ಉಳಿಯುತ್ತಿದ್ದ ತುಂಡು ಜಾಗದಲ್ಲಿ ಹಗೇವು ಕೂತಿತ್ತು. ಕಾಕಾ ಒಂದು ಸಂಜೆ ಅದರ ಕಲ್ಲಿನ ಮೇಲೆ ಕೂತು, ನಮ್ಮ ಮನೆಯಲ್ಲಿ ಅಜ್ಜನ ಕಾಲದ್ದೇ ಸಂಪು ಇದೆ, ನೀರು ಹಾಕುವುದೊಂದು ಬಾಕಿ ಎಂದರು.

"ಜ್ವಾಳ ಇಡೂ ಜಾಗಾಕ ನೀರು ಹಾಕ್ತಾರೇನ್ರಿ?" ಎಂದಳು ಅವ್ವ.

"ಜ್ವಾಳ ಎಲ್ಲಿ ಅದ ವೈನಿ? ಇಲಿ ಸುದ್ದಾ ಬಿಟ್ಟು ಹೋಗ್ಯಾವ. ನಿಮ್ಮ ಸೊಂಟಾ ನೋಡೂಣೋ, ಅಜ್ಜಿ ಮಾತು ನೋಡೂಣೋ?"

ಅವ್ವನಿಗೆ ನೀರು ಬೇಕಾಗಿತ್ತು. ಅದನ್ನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಬಾವಿಯಿಂದ ಬಂದು ಕೊಡ ಇಳಿಸಿ ಕಂಬಕ್ಕೆ ಬೆನ್ನು ಒತ್ತಿಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಿದ್ದ ರೀತಿಯಲ್ಲೇ ಅದು ಎಲ್ಲರಿಗೂ ಗೊತ್ತಾಗುತ್ತಿತ್ತು.

ಒಪ್ಪಿಗೆ ಕೇಳಲು ಅವ್ವನೇ ಖಾಲಾನ ಮನೆಗೆ ಹೋದಳು. ನಾನೂ ಜೊತೆಗಿದ್ದೆ, ಇದು ಖಂಡಿತ. ಖಾಲಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಎಲ್ಲ ಕೇಳಿಸಿಕೊಂಡಳು.

"ಗೋಡಿ ಮ್ಯಾಗಿಂದ ನಂದೂ ಒಂದು ಪೈಪ್ ಬಿಡ್ರಿ ಅಕ್ಕಾ. ಎಲ್ಲಿ ಬೇಕಂತೀರಿ ಅಲ್ಲಿ ದಸ್ತಖತ್ ಮಾಡ್ತೀನಿ. ಪೈಪ್ ಬರಲಿಲ್ಲಂದ್ರ ಮಾತ್ರ ನಿಮ್ಮ ಮೈದುನಗ ಹಬ್ಬಕ್ಕ ಸುರಕುಂಬಾ ಪಾಯಸಾ ಬಂದ್ ನೋಡ್ರಿ."

ಓವರ್‌ಸಿಯರ್ ಬಂದ ದಿನದ ಚಿತ್ರ ನನ್ನ ಕಣ್ಣ ಮುಂದೆ ನಿಚ್ಚಳವಾಗಿದೆ. ಅದಕ್ಕೇ ನನಗೆ ಅನುಮಾನ. ಅದು ಕಚೇರಿ ನಡೆಯುವ ವಾರದ ದಿನ, ನಾನು ಗುಲಬರ್ಗಾದಲ್ಲೇ ಇದ್ದಿರಬೇಕು. ಅವ್ವ ಹೇಳಿದ್ದನ್ನೇ ನಾನು ಕಂಡದ್ದೆಂದು ಮಾಡಿಕೊಂಡಿರಬಹುದು. ಹೇಗೇ ಇರಲಿ, ಚಿತ್ರ ಹೀಗಿದೆ: ಓವರ್‌ಸಿಯರ್ ಗೋಡೆಯ ಬುಡಕ್ಕೆ ಟೇಪಿನ ಒಂದು ತುದಿ ಹಿಡಿದು ಕೂತಿದ್ದಾರೆ, ಇನ್ನೊಂದು ತುದಿಯನ್ನು ಕಾಕಾ ಹಗೇವಿನ ಕಲ್ಲಿನ ಅಂಚಿಗೆ ಹಿಡಿದಿದ್ದಾರೆ. ಬೇಕಾದಷ್ಟು ದೂರವಿತ್ತು, ಇನ್ನೂ ಸ್ವಲ್ಪ ಉಳಿಯುತ್ತಿತ್ತು. ಓವರ್‌ಸಿಯರ್ ಎದ್ದು ಪ್ಯಾಂಟು ಕೊಡವಿಕೊಂಡು ಅಡ್ಡಿಯಿಲ್ಲ ಎಂದರು. ಕಲ್ಲು ಎತ್ತಿಸಿ ಒಳಗೆ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ನಮಗೆಲ್ಲ ಹಗೇವು ಎಂದರೆ ಆ ಕಲ್ಲು. ಕೂರುವುದು ಅದರ ಮೇಲೆ, ಮೆಣಸಿನಕಾಯಿ ಒಣಗುವುದು ಅದರ ಮೇಲೆ, ಅಳೆಯುವುದೂ ಅದರಿಂದ. ಒಳಗೆ ಅದು ಎಷ್ಟಗಲ ಎಂಬುದು ಇಳಿದು ನೋಡಿದವರಿಗಷ್ಟೇ ಗೊತ್ತು.

ಕಲ್ಲು ಎತ್ತಿ ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಿಟ್ಟು, ಆಮೇಲೆ ಕಂದೀಲು ಇಳಿಬಿಟ್ಟು ನೋಡಿ ಗೌಂಡಿಯನ್ನು ಇಳಿಸಿದರು. ಗೌಂಡಿ ಅಂದೋಲಾ ಕಡೆಯವನು, ಅಕ್ಕನ ಗಂಡ ಕಳಿಸಿಕೊಟ್ಟಿದ್ದ. ಒಳಗೆಲ್ಲ ಸಿಮೆಂಟಿನ ಗಿಲಾವು ಮಾಡುವುದು ಅವನ ಕೆಲಸ. ಆವತ್ತು ನಾನು ಊರಲ್ಲಿದ್ದೆ. ಸ್ವಲ್ಪ ಹೊತ್ತಿಗೆ ಅವನ ತಲೆ ಹೊರಗೆ ಬಂತು, ಹುಬ್ಬಿನ ಮೇಲೆಲ್ಲ ಜೋಳದ ಹಳೆಯ ಹೊಟ್ಟು.

"ಧಣೇರ, ಒಳಗ ಭಾಳ ಅಗಲ ಅದರಿ. ತಂದದ್ದು ಸಾಲಂಗಿಲ್ಲ."

"ನಮ್ಮ ಹಿರೇರು ಹೊಟ್ಟಿ ತುಂಬ ಉಂಡ ಮಂದಿ. ಸಣ್ಣದು ಹ್ಯಾಂಗ ತೋಡ್ಯಾರು?" ಎಂದರು ಕಾಕಾ. "ಸಿಮೆಂಟ್ ತರಸ್ತೀನಿ. ನೀ ಇಳಿ."

ಗೌಂಡಿ ಇನ್ನೇನೋ ಹೇಳಿದ. ಒಂದು ಮಗ್ಗುಲಿಗೆ ಹೆಚ್ಚು ಹೋಗಿದೆ ಎಂದನೆ? ಕೈ ಚಾಚಿ ತೋರಿಸಿದನೆ? ಯಾವ ಕಡೆಗೆ? ಈ ಜಾಗವನ್ನು ನಾನು ಎಷ್ಟೋ ಸಲ ಕೆದಕಿದ್ದೇನೆ. ಒಮ್ಮೊಮ್ಮೆ ಅವನ ಕೈ ಗೋಡೆಯ ಕಡೆಗೆ ಏಳುವುದು ಕಾಣುತ್ತದೆ. ಒಮ್ಮೊಮ್ಮೆ ಅವನ ಎರಡು ಕೈಯೂ ಬಾಯಿಯ ಅಂಚಿನ ಮೇಲೇ ಇರುತ್ತವೆ. ಮುಂದೆ ಆದದ್ದು ಗೊತ್ತಿರುವುದರಿಂದ ಕೈ ಎತ್ತಿಸುವವಳು ನಾನೇ ಇರಬಹುದು.

ಮೋಟರು ಬಂತು. ಮಾಳಿಗೆಯ ಮೇಲೆ ಒಂದು ಟಾಕಿ, ಬಚ್ಚಲಲ್ಲಿ ಒಂದು ನಲ್ಲಿ, ಗೋಡೆ ದಾಟಿ ಖಾಲಾನ ಅಂಗಳಕ್ಕೆ ಒಂದು ಪೈಪು. ಕರೆಂಟು ಇದ್ದಾಗ ಮೋಟರು ಹಾಕಿದರೆ ಎರಡೂ ಮನೆಗೆ ಸಾಕು. ಅವ್ವ ಮೊದಲ ದಿನ ನಲ್ಲಿ ತಿರುಗಿಸಿ, ನೀರು ಬಕೆಟ್ಟಿಗೆ ಬೀಳುವುದನ್ನು ಸ್ಟೂಲಿನ ಮೇಲೆ ಕೂತು ನೋಡಿದಳು. ಬಕೆಟ್ಟು ತುಂಬಿ ಚೆಲ್ಲಿದರೂ ಏಳಲಿಲ್ಲ. ನೀರಿಗೆ ಹಳೆಯ ಜೋಳದ ಮುಗ್ಗಲು ವಾಸನೆಯಿತ್ತು, ಸ್ನಾನಕ್ಕೆ ಬಳಕೆಗೆ ಏನೂ ಅಡ್ಡಿಯಿರಲಿಲ್ಲ. ಮುಂದಿನ ತಿಂಗಳುಗಳಲ್ಲಿ ಅವಳ ಸೊಂಟ ವಾಸಿಯಾಯಿತು ಎನ್ನಲಾರೆ, ಹೆಚ್ಚು ಕೆಡಲಿಲ್ಲ. ನಾನು ಶನಿವಾರ ಬಂದರೆ ನೀರಿಗೆ ಹೋಗದೆ ಮಲಗುತ್ತಿದ್ದೆ. ಆ ನಿದ್ದೆ ಇವತ್ತಿಗೂ ನೆನಪಿದೆ.

ಮಳೆಗಾಲ ಕಳೆಯುತ್ತ ಬಂದಾಗ ಖಾಲಾನ ರೊಟ್ಟಿಯ ಹೆಂಚು ವಾಲತೊಡಗಿತು. ರೊಟ್ಟಿಯ ಮೇಲೆ ಸವರಿದ ನೀರು ಒಂದೇ ಕಡೆ ಸರಿದು, ಆ ಕಡೆ ಹಸಿ, ಈ ಕಡೆ ಕರಿ. ಅವಳು ಒಲೆ ಕೆಡವಿ ಹೊಸದಾಗಿ ಮಣ್ಣು ಹಾಕಿ ಕಟ್ಟಿದಳು. ಕೆಲವು ದಿನಕ್ಕೆ ಮತ್ತೆ ವಾಲಿತು. ಒಲೆ ಕಟ್ಟುವುದು ಮರೆತೆಯೇನು ಎಂದು ಅವ್ವ ಗೋಡೆಯ ಮೇಲಿಂದ ಛೇಡಿಸಿದಳು.

"ನನ್ನ ಕೈ ಮರತಿಲ್ಲ ಅಕ್ಕಾ. ನೆಲಾನ ಒಲ್ಲೆ ಅನ್ನಾಕತ್ತದ" ಎಂದಳು ಖಾಲಾ.

ಹಳೆಯ ಮನೆಗಳಲ್ಲಿ ಮಳೆಗಾಲದ ನಂತರ ನೆಲ ಅಲ್ಲಲ್ಲಿ ಕುಸಿಯುವುದು ಹೊಸದಲ್ಲ. ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಕಾಕಾನೂ ಒಮ್ಮೆ ಹೋಗಿ ನೋಡಿ ಬಂದರು. ನೋಡಿ ಬಂದವರು ಊಟಕ್ಕೆ ಕೂತು, ಅರ್ಧಕ್ಕೇ ಎದ್ದರು ಎಂದು ಅವ್ವ ಆಮೇಲೆ ಒಂದು ಸಲ ಹೇಳಿದಳು. ಅಥವಾ ಹಾಗೆ ಹೇಳಿದಳೆಂದು ನನಗನ್ನಿಸುತ್ತದೆ.

ಒಂದು ಭಾನುವಾರ ಬೆಳಿಗ್ಗೆ ಗೋಡೆಯಾಚೆ ದೊಡ್ಡ ಸದ್ದಾಯಿತು, ಕಲ್ಲು ತುಂಬಿದ ಬಂಡಿ ಮಗುಚಿದ ಹಾಗೆ. ನಾವು ಓಡಿದೆವು. ಖಾಲಾ ಹಿಟ್ಟು ತರಲು ಒಳಗಿನ ಕೋಣೆಗೆ ಹೋಗಿದ್ದಾಗ ಅಡುಗೆಮನೆಯ ಒಂದು ಹಾಸುಗಲ್ಲು ಒಲೆಯ ಸಮೇತ ಕೆಳಗೆ ಹೋಗಿತ್ತು. ಅವಳಿಗೆ ಏನೂ ಆಗಿರಲಿಲ್ಲ. ಕಲ್ಲು ಇದ್ದಲ್ಲಿ ಕಪ್ಪು ತೂತು, ಅದರೊಳಗೆ ನೀರು. ನೀರಿನ ಮೇಲೆ ಬೂದಿ ತೇಲುತ್ತಿತ್ತು, ಅರ್ಧ ಬೆಂದ ರೊಟ್ಟಿಯೊಂದು ನೆನೆಯುತ್ತ ನಿಧಾನ ತಿರುಗುತ್ತಿತ್ತು.

"ನೋಡ್ರಿ ಅಕ್ಕಾ" ಎಂದಳು ಖಾಲಾ. ದನಿ ಏರಿರಲಿಲ್ಲ. "ನಿಮ್ಮ ನೀರು ನಮ್ಮ ಮನ್ಯಾಗ ಅದ."

ಅವ್ವ ಚೌಕಟ್ಟು ಹಿಡಿದು ನಿಂತಳು. ಕಾಕಾ ಹಿಂದೆ ಬಂದು ನೋಡಿ, ಖಾಲಾನನ್ನು ಹೊರಗೆ ಬಾ ಎಂದು ಕರೆದು, ಮಿಕ್ಕ ಕಲ್ಲುಗಳ ಮೇಲೆ ಯಾರೂ ಕಾಲಿಡಬೇಡಿ ಎಂದರು. ಎಲ್ಲಿಂದ ಎಲ್ಲಿಯವರೆಗೆ ಕಾಲಿಡಬಾರದೆಂದು ಕೈಯಿಂದಲೇ ಒಂದು ಗೆರೆ ತೋರಿಸಿದರು. ಆ ಗೆರೆ ಸರಿಯಾಗಿತ್ತೆಂದು ಮುಂದೆ ಅಗೆದಾಗ ತಿಳಿಯಿತು.

ಗೋಡೆ ಎದ್ದದ್ದು ಹಗೇವು ತೋಡಿದ ಎಷ್ಟೋ ವರ್ಷದ ಮೇಲೆ. ಬಾಯಿ ನಮ್ಮ ಪಾಲಿಗೆ ಬಂದು ಹೊಟ್ಟೆಯ ಒಂದು ಭಾಗ ಅವರ ಪಾಲಿನ ಕೆಳಗೆ ಉಳಿದಿತ್ತು. ಜೋಳ ತುಂಬಿದ್ದಷ್ಟು ಕಾಲ ಅದರಿಂದ ಯಾರಿಗೂ ಏನೂ ಆಗಿರಲಿಲ್ಲ. ನೀರು ತುಂಬಿದ ಮೇಲೆ, ತಲೆಯ ಮೇಲೆ ಬಾಗಿದ್ದ ಭಾಗಕ್ಕೆ ಗಿಲಾವು ಹಿಡಿಯದೆ, ಮಣ್ಣು ನೆನೆದು ಉದುರಿತ್ತು.

ಓವರ್‌ಸಿಯರ್ ಮತ್ತೆ ಬಂದರು. ಮತ್ತೆ ಟೇಪು ಹಿಡಿದರು. ಗೋಡೆಯಿಂದ ಬಾಯಿಗೆ ಮೊದಲಿದ್ದಷ್ಟೇ ದೂರವಿತ್ತು. ಕಾಯ್ದೆಯ ಪ್ರಕಾರ ಎಲ್ಲ ಬರೋಬ್ಬರಿ ಇದೆ ಎಂದು ಅವರೇ ಬೇಸರದಿಂದ ಹೇಳಿದರು.

"ಕಾಯ್ದೆ ಬರೋಬ್ಬರಿ ಇದ್ರ ನನ್ನ ಒಲಿ ಯಾಕ ಕೆಳಗ ಹೋತ್ರಿ ಸಾಹೇಬ್ರ?" ಎಂದಳು ಖಾಲಾ.

ಅವರು ಟೇಪು ಸುತ್ತಿಕೊಂಡರು. ಸಂಪು ಖಾಲಿ ಮಾಡಿ ಮುಚ್ಚಿಸಿ ಎಂದಷ್ಟೇ ಹೇಳಿ ಹೋದರು. ಮುಂದಿನ ವಾರ ಮತ್ತೆ ಡಂಗುರ ಬಂತು, ಹಗೇವಿನೊಳಗೆ ಯಾರೂ ಸಂಪು ಮಾಡತಕ್ಕದ್ದಲ್ಲ ಎಂದು. ನಮ್ಮ ಓಣಿಗೆ ಬಂದಾಗ ಡಂಗುರದವನು ನಮ್ಮ ಮನೆಯ ಮುಂದೆ ಹೊಡೆಯದೆ ಒಂದಿಷ್ಟು ಮುಂದೆ ಹೋಗಿ ಹೊಡೆದನಂತೆ. ಅಷ್ಟು ಮರ್ಯಾದೆ ಇಟ್ಟ.

ಹಾಕಿಸಿದ ಮೋಟರಿನಿಂದಲೇ ನೀರನ್ನು ಬೀದಿಗೆ ಬಿಟ್ಟೆವು. ಓಣಿಯ ಹೆಂಗಸರು ಕೊಡ ತಂದು ತುಂಬಿಕೊಂಡರು. ಆಮೇಲೆ ಕಾಕಾ ಕಲ್ಲು, ಮುರುಮು ತರಿಸಿ ಎರಡೂ ಮನೆಯ ಕಡೆಯಿಂದ ತುಂಬಿಸಿದರು, ಖಾಲಾನ ನೆಲ ಹೊಸದಾಗಿ ಹಾಸಿಸಿದರು. ಆದರೆ ಅವಳು ಆ ಮೂಲೆಯಲ್ಲಿ ಮತ್ತೆ ಒಲೆ ಹಾಕಲಿಲ್ಲ. ಅಂಗಳದಲ್ಲಿ ತಗಡಿನ ಕೆಳಗೆ ಒಲೆ ಹೂಡಿದಳು. ಅಲ್ಲಿ ಗಾಳಿಗೆ ಉರಿ ನಿಲ್ಲುತ್ತಿರಲಿಲ್ಲ, ಹೊಗೆಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ರೊಟ್ಟಿ ತಡವಾಗತೊಡಗಿ ಗುಮಾಸ್ತರು ಬಸ್‌ಸ್ಟ್ಯಾಂಡಿನ ಖಾನಾವಳಿ ಹಿಡಿದರು. ಮಾಸ್ತರರು ಕೆಲವರು ಉಳಿದರು.

ಅವ್ವ ಬಾವಿಗೆ ಹೋದಳು. ಕೊಡ ಸಣ್ಣದು ಮಾಡಿಕೊಂಡಳು, ಹೀಗಾಗಿ ಹೋಗುವ ಸಲ ಹೆಚ್ಚಾಯಿತು. ನೀರಿನ ಬೇರೆ ಯಾವ ಏರ್ಪಾಟಿನ ಮಾತೆತ್ತಿದರೂ ಬೇಡ ಎಂದಳು. ಮುಂದೆ ಡಾಕ್ಟರು ಹೇಳಿದ್ದೇ ಆಯಿತು, ಹಾಸಿಗೆ ಹಿಡಿದಳು. ಖಾಲಾ ದಿನಾ ಬಂದು ಅವಳ ಕಾಲು ನೀವುತ್ತಿದ್ದಳು. ಅವರಿಬ್ಬರ ನಡುವೆ ಜಗಳ ಆಗಲಿಲ್ಲ. ಜಗಳ ಆಗಿದ್ದರೆ ಚೆನ್ನಾಗಿತ್ತೇನೋ. ಮೊದಲು ಗೋಡೆಯ ಮೇಲಿಂದ ಕೂಗಿ ಮಾತಾಡುತ್ತಿದ್ದವರು ಈಗ ಬೀದಿಯ ಬಾಗಿಲಿಂದ ಬಂದು, ಆರಾಮಿದ್ದೀರೇನ್ರಿ ಎಂದು ಕೇಳಿ, ಕೂತು, ಹೋಗುವಾಗ ಹೇಳಿ ಹೋಗುತ್ತಿದ್ದರು.

ಅವ್ವ ತೀರಿದ ಮೇಲೆ ಕಾಕಾ ಅಂಗಡಿ ಬಿಟ್ಟುಕೊಟ್ಟು ಜೇವರ್ಗಿಗೆ, ಅಕ್ಕನ ಮನೆಗೆ ಹೋದರು. ನಾನು ಕಾಲೇಜಿನ ರಜೆಯಲ್ಲಿ ಹೋಗಿ ನೋಡಿಬರುತ್ತೇನೆ. ಹಗೇವಿನಲ್ಲಿ ಜೋಳ ಇರುತ್ತಿದ್ದ ಕಾಲಕ್ಕೆ ಮನೆಯಲ್ಲಿ ಅದರೊಳಗೆ ಇಳಿಯುತ್ತಿದ್ದವರು ಕಾಕಾ ಒಬ್ಬರೇ ಎಂದು ಅಕ್ಕ ಮಾತಿನ ನಡುವೆ ಹೇಳಿದ್ದು ಅಲ್ಲಿಯೇ. ಹುಡುಗರಾಗಿದ್ದಾಗ ಅವರು ತೆಳ್ಳಗಿದ್ದರಂತೆ, ಅಪ್ಪ ಆ ಬಾಯಲ್ಲಿ ಹಿಡಿಯುತ್ತಿರಲಿಲ್ಲವಂತೆ. ಮೊಳಗಟ್ಟಲೆ ಕೆಳಗೆ, ಕಂದೀಲಿನ ಬೆಳಕಿನಲ್ಲಿ, ಬುಟ್ಟಿ ತುಂಬಿ ಮೇಲೆ ಕೊಡುತ್ತಿದ್ದರಂತೆ.

ಅಲ್ಲಿಂದ ನನಗೆ ನೆಮ್ಮದಿಯಿಲ್ಲ. ಕತ್ತಲಲ್ಲಿ, ದುಂಡಗಿನ ಗುಂಡಿಯೊಳಗೆ, ಯಾವ ಕಡೆ ಗೋಡೆ ಯಾವ ಕಡೆ ಬೀದಿ ಎಂದು ಯಾರಿಗೆ ತಿಳಿದೀತು ಎಂದು ಒಂದು ದಿನ ಅನ್ನಿಸುತ್ತದೆ. ತಿಳಿಯದಿದ್ದರೆ ಆ ಗೆರೆ ಹೇಗೆ ತೋರಿಸಿದರು ಎಂದು ಮರುದಿನ ಅನ್ನಿಸುತ್ತದೆ. ಗೊತ್ತಿದ್ದೂ ಟೇಪು ಹಿಡಿದಿದ್ದರೆ, ಅದು ಅವ್ವನಿಗಾಗಿ. ಅವ್ವನ ಸೊಂಟಕ್ಕಾಗಿ ಖಾಲಾನ ಒಲೆಯನ್ನು ಪಣಕ್ಕಿಟ್ಟ ಮನುಷ್ಯನ ಬಗ್ಗೆ ನಾನು ಏನು ತಿಳಿಯಬೇಕು? ಗೊತ್ತಿಲ್ಲದೆ ಮಾಡಿದ್ದರೆ, ಇಷ್ಟು ವರ್ಷ ಅವರನ್ನು ಅನುಮಾನದಿಂದ ನೋಡಿದ ನನ್ನ ಬಗ್ಗೆ? ಕೇಳಬೇಡ, ವಯಸ್ಸಾಗಿದೆ ಎಂದಳು ಅಕ್ಕ. ಖಾಲಾ ಈಗ ಸರಿಯಾಗಿ ಕಣ್ಣು ಕಾಣದೆ ಮಗಳ ಮನೆಯಲ್ಲಿದ್ದಾಳೆ. ಅವಳು ಎಂದೂ ಕೇಳಲಿಲ್ಲ, ಅವ್ವನೂ ಕೇಳಲಿಲ್ಲ.

ಹೋದ ವರ್ಷ ನಾನು ಕೇಳಿದೆ. ಮಧ್ಯಾಹ್ನ, ಕಾಕಾ ಪಡಸಾಲೆಯಲ್ಲಿ ಕೂತು ಅಕ್ಕನ ಮೊಮ್ಮಕ್ಕಳಿಗೆಂದು ಶೇಂಗಾ ಸುಲಿಯುತ್ತಿದ್ದರು. ಕಿವಿ ಚೆನ್ನಾಗಿ ಕೇಳಿಸುತ್ತದೆ ಅವರಿಗೆ. ಕೇಳಿದ ಮೇಲೆ ಅವರ ಕೈ ನಿಂತಿತು, ಆಮೇಲೆ ಮತ್ತೆ ಸುಲಿಯತೊಡಗಿದರು. ಬಸ್ಸಿಗೆ ಹೊತ್ತಾಗುವವರೆಗೆ ಕಾದೆ. ಆಮೇಲೆ ಎರಡು ಸಲ ಹೋಗಿ ಬಂದಿದ್ದೇನೆ, ಎರಡು ಸಲವೂ ಅವರು ಆ ಮಾತು ತೆಗೆಯಲಿಲ್ಲ. ನಾನು ಕೇಳಿದ್ದು ಇಷ್ಟೇ:

"ಕಾಕಾ, ನೀವು ಜ್ವಾಳ ತಗ್ಯಾಕ ಒಳಗ ಇಳದಾಗ, ಖಾಲಾನ ಅತ್ತಿ ರೊಟ್ಟಿ ಬಡಿಯೂ ಸಪ್ಪಳ ನಿಮ್ಮ ತಲಿ ಮ್ಯಾಲೆ ಕೇಳ್ತಿತ್ತೇನ್ರಿ?"